ಕಾರ್ಡ್ ಬಂತು, ಸ್ಕೇಲ್ ಯಾಕೆ ಅನ್ನುವವರಿಗೆ

ಗಿಟಾರ್ ತಗೊಂಡ ಹೊಸದರಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಜಿ, ಇ ಮೈನರ್, ಸಿ, ಡಿ ಅಂತ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಿಯುತ್ತಾರೆ. ಒಂದು ಸ್ಟ್ರಮ್ಮಿಂಗ್ ಕೈಗೆ ಹತ್ತಿಸಿಕೊಳ್ಳುತ್ತಾರೆ. ಯಾವುದೋ ಸಿನಿಮಾ ಹಾಡಿಗೆ ಅದನ್ನೇ ಹೊಂದಿಸಿ ನುಡಿಸಿ ವಾಟ್ಸಾಪ್ ಸ್ಟೇಟಸ್‌ಗೂ ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆ ಖುಷಿ ಇಲ್ಲದಿದ್ದರೆ ಬೆರಳು ನೋವು ತಡೆದುಕೊಂಡು ಯಾರು ತಾನೇ ಕಲಿಯುತ್ತಾರೆ? ಆದರೆ ಪಕ್ಕದಲ್ಲಿ ಕೂತವರು "ಅದೇ ಹಾಡಿನ ಪಲ್ಲವಿ ನುಡಿಸು ನೋಡೋಣ" ಅಂದ ತಕ್ಷಣ ಕೈ ನಿಂತುಬಿಡುತ್ತದೆ. ಹಾಡಿಗೆ ಏನು ಕೂಡಿಸಬೇಕು ಗೊತ್ತು. ಹಾಡು ಗಿಟಾರ್ ಮೇಲೆ ಎಲ್ಲಿದೆ ಅಂತ ಗೊತ್ತಿಲ್ಲ.

ಅದನ್ನು ತೋರಿಸಿಕೊಡುವುದೇ ಸ್ಕೇಲ್, ಅಂದರೆ ಸ ಇಂದ ಮೇಲಿನ ಸ ತನಕ ಕ್ರಮವಾಗಿ ಏರುವ ಸ್ವರಗಳ ಸಾಲು.

ತೀರಾ ತೆಳ್ಳಗಿನದು ಒಂದನೆಯದು, ತೀರಾ ದಪ್ಪನೆಯದು ಆರನೆಯದು ಅಂತ ಎಣಿಸಿ, ಐದನೇ ತಂತಿ ಒಂದನ್ನೇ ತಗೊಳ್ಳಿ. ಮೂರನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡ ಕಂಬಿಗಳ ನಡುವಿನ ಮನೆ) ಒತ್ತಿದರೆ ಸಿ ಅನ್ನುವ ಸ್ವರ. ಅದೇ ನಮ್ಮ ಸ ಅಂದುಕೊಳ್ಳೋಣ. ಅಲ್ಲಿಂದ 5, 7, 8, 10, 12, 14, 15ನೇ ಫ್ರೆಟ್ ಒತ್ತುತ್ತಾ ಹೋಗಿ. ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು ಫ್ರೆಟ್ ಹೆಜ್ಜೆ, ಅಷ್ಟೇ ಮೇಜರ್ ಸ್ಕೇಲ್. ಸ್ವಲ್ಪ ಸಂಗೀತ ಕಲಿತವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ, ಇದು ಕರ್ನಾಟಕ ಸಂಗೀತದ 29ನೇ ಮೇಳಕರ್ತ (ಏಳು ಸ್ವರದ ಮೂಲ ರಾಗ) ಶಂಕರಾಭರಣದ ಸ್ವರಗಳು. (ಗಮಕ, ಅಂದರೆ ಸ್ವರದ ಓಲಾಟ, ಇಲ್ಲದೆ ಬರೀ ಸ್ವರ ಮೀಟಿದರೆ ಅದು ರಾಗ ಆಗಲ್ಲ, ಮೇಷ್ಟ್ರುಗಳು ದಯವಿಟ್ಟು ಬೈಬೇಡಿ.)

ಒಂದೇ ತಂತಿಯ ಮೇಲೆ ಓಡಾಡಿದರೆ ಕೈಗೆ ಸುಮ್ನೆ ಕೆಲಸ ಜಾಸ್ತಿ. ಅದಕ್ಕೇ ಇದನ್ನು ಒಂದೇ ಜಾಗದಲ್ಲಿ ಕೂರಿಸಿಕೊಳ್ಳುತ್ತಾರೆ. ಐದನೇ ತಂತಿಯಲ್ಲಿ 3, 5. ನಾಲ್ಕನೇ ತಂತಿಯಲ್ಲಿ 2, 3, 5. ಮೂರನೇ ತಂತಿಯಲ್ಲಿ 2, 4, 5. ಸ ಇಂದ ಮೇಲಿನ ಸ ತನಕ ಬಂತು. ತೋರುಬೆರಳಿಗೆ ಎರಡನೇ ಫ್ರೆಟ್, ಮಧ್ಯದ ಬೆರಳಿಗೆ ಮೂರು, ಉಂಗುರ ಬೆರಳಿಗೆ ನಾಲ್ಕು, ಕಿರುಬೆರಳಿಗೆ ಐದು. ಬೆರಳು ಬದಲಾಯಿಸಬೇಡಿ. ಸಿ, ಜಿ, ಡಿ ಅಂತ ಕಾರ್ಡ್ ಹಿಡಿಯುತ್ತಾ ಕೂತವರ ಕಿರುಬೆರಳು ಹೆಚ್ಚಾಗಿ ಗಾಳಿಯಲ್ಲೇ ತೇಲುತ್ತಿರುತ್ತದೆ, ಅದಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲೇ. ಬೆರಳನ್ನು ಫ್ರೆಟ್ ಕಂಬಿಯ ಹಿಂದೆ, ಅದಕ್ಕೆ ಹತ್ತಿರವಾಗಿ ಇಡಿ. ದೂರ ಇಟ್ಟರೆ ತಂತಿ ಗುಂಯ್ ಅನ್ನುತ್ತದೆ, ಆಗ ಇನ್ನೂ ಜೋರಾಗಿ ಒತ್ತಬೇಕು ಅನಿಸುತ್ತದೆ, ಹಾಗೆ ಒತ್ತಿ ಒತ್ತಿಯೇ ಅರ್ಧ ಜನ ಬೆರಳು ಸುಟ್ಟಂಗಾಯ್ತು ಅಂತ ಗಿಟಾರನ್ನು ಗೋಡೆಗೆ ಒರಗಿಸಿಬಿಡುತ್ತಾರೆ.

ಈಗ ಬರ್ತ್‌ಡೇ ಕೇಕ್ ಕತ್ತರಿಸುವಾಗ ಎಲ್ಲರೂ ಹಾಡುವ ಹಾಡನ್ನು ನೆನಪಿಸಿಕೊಳ್ಳಿ. ಅದು ಸ ಇಂದ ಶುರುವಾಗಲ್ಲ, ಕೆಳಗಿನ ಪ ಇಂದ ಶುರುವಾಗುತ್ತದೆ. ಪ ಪ ದ ಪ ಸ ನಿ. ಆಮೇಲೆ ಪ ಪ ದ ಪ ರಿ ಸ. ಕೆಳಗಿನ ಪ ಸಿಗುವುದು ಆರನೇ ತಂತಿಯ 3ನೇ ಫ್ರೆಟ್‌ನಲ್ಲಿ, ದ ಅದೇ ತಂತಿಯ 5ರಲ್ಲಿ, ನಿ ಐದನೇ ತಂತಿಯ 2ರಲ್ಲಿ. ಮಿಕ್ಕವು ನೀವಾಗಲೇ ಕಲಿತ ಜಾಗಗಳಲ್ಲೇ ಇವೆ. ಮೂರನೇ ಸಾಲಿನಲ್ಲಿ ಪ ಪ ಆದಮೇಲೆ ಒಂದೇ ನೆಗೆತಕ್ಕೆ ಮೇಲಿನ ಪಗೆ ಹೋಗುತ್ತದಲ್ಲ, ಅದು ನಾಲ್ಕನೇ ತಂತಿಯ 5. ಅಲ್ಲಿಂದ ಗ ಸ ನಿ ದ ಅಂತ ಇಳಿಯುತ್ತದೆ. ಕೊನೆಯ ಸಾಲು ಮ ಮ ಗ ಸ ರಿ ಸ. ಇಡೀ ಹಾಡು ದಪ್ಪನೆಯ ಮೂರು ತಂತಿಗಳಲ್ಲಿ, 2ರಿಂದ 5ನೇ ಫ್ರೆಟ್ ಒಳಗೇ ಮುಗಿಯಿತು, ಕೈ ಅಲ್ಲಾಡಿಸಲೇ ಇಲ್ಲ! ಯೂಟ್ಯೂಬ್‌ನಲ್ಲಿ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ನಂಬರಿನಲ್ಲಿ ಬರೆದದ್ದು) ನೋಡಿ ನಂಬರ್ ಬಾಯಿಪಾಠ ಮಾಡುವುದಕ್ಕೂ, ಹೀಗೆ ಗುನುಗಿಕೊಂಡು ಹುಡುಕುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದು ಬಂದರೆ ಮುಂದಿನ ಹಾಡಿಗೆ ಯಾರ ವಿಡಿಯೊಗೂ ಕಾಯಬೇಕಿಲ್ಲ.

ಇನ್ನು ಕಾರ್ಡ್‌ಗಳ ವಿಷಯ. ಈ ಏಳು ಸ್ವರಗಳಲ್ಲಿ ಒಂದು ಬಿಟ್ಟು ಒಂದು ಅಂತ ಮೂರನ್ನು ಆರಿಸಿ. ಸ ಗ ಪ ಅಂದರೆ ಸಿ. ಮ ದ ಸ ಅಂದರೆ ಎಫ್. ಪ ನಿ ರಿ ಅಂದರೆ ಜಿ. ದ ಸ ಗ ಅಂದರೆ ಎ ಮೈನರ್. ಸಿಯನ್ನು ಸ ಮಾಡಿಕೊಂಡ ಹಾಡಿನಲ್ಲಿ ಯಾಕೆ ಪದೇ ಪದೇ ಎಫ್, ಜಿ, ಎ ಮೈನರ್ ಬಂದು ನಿಲ್ಲುತ್ತವೆ ಅಂತ ಈಗ ಹೇಳಬೇಕಾ? ಎಲ್ಲವೂ ಒಂದೇ ಮನೆಯವು. ಮೊದಲು ಹೇಳಿದ ಆ ಜಿ, ಇ ಮೈನರ್, ಸಿ, ಡಿ ಕೂಡ ಹಾಗೇ ಜಿ ಮೇಜರ್ ಸ್ಕೇಲ್‌ನಿಂದ ಹುಟ್ಟಿದವು.

ಹಾಡುವವರ ಜೊತೆ ಕೂತಾಗ ಇನ್ನೊಂದು ಲಾಭ. "ನನಗೆ ಶ್ರುತಿ ಸಾಲಲ್ಲ, ಸ್ವಲ್ಪ ಮೇಲೆ ತಗೋ" ಅಂತಾರೆ. ಇಡೀ ಆಕಾರವನ್ನು ಎರಡು ಫ್ರೆಟ್ ಮುಂದೆ ಜಾರಿಸಿದರೆ ಡಿ ಮೇಜರ್, ಬೆರಳು ಅವೇ. ಕೀಬೋರ್ಡ್ ನುಡಿಸುವವರು ಬಿಳಿ ಮನೆ ಕಪ್ಪು ಮನೆ ಲೆಕ್ಕ ಹಾಕುವಷ್ಟರಲ್ಲಿ ನೀವು ರೆಡಿ. ಒಂದು ಎಚ್ಚರ ಮಾತ್ರ ಇರಲಿ, ಗಿಟಾರ್‌ನಲ್ಲಿ ಪಕ್ಕಪಕ್ಕದ ತಂತಿಗಳ ಅಂತರ ಎಲ್ಲ ಕಡೆ ಐದು ಫ್ರೆಟ್, ಮೂರನೇ ಮತ್ತು ಎರಡನೇ ತಂತಿಯ ನಡುವೆ ಮಾತ್ರ ನಾಲ್ಕು. ಆಕಾರವನ್ನು ತಂತಿಯಿಂದ ತಂತಿಗೆ ಸರಿಸುವಾಗ ಅಲ್ಲಿ ಒಂದು ಫ್ರೆಟ್ ಏರುಪೇರಾಗುತ್ತದೆ.

ಅಭ್ಯಾಸ ಹೇಗೆ ಅಂದರೆ, ನನ್ನ ಮಟ್ಟಿಗೆ ನಮ್ಮ ಕರ್ನಾಟಕ ಸಂಗೀತದಲ್ಲಿ ಶುರುವಿಗೆ ಕಲಿಸುವ ಸರಳೆ, ಜಂಟಿ ವರಸೆಗಳಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ಹೇಳುವ ಆ ಪಾಠ ಮಾಯಾಮಾಳವಗೌಳ ರಾಗದಲ್ಲಿದೆ, ನೀವು ಮೇಜರ್ ಸ್ಕೇಲ್‌ನಲ್ಲೇ ಮಾಡಿ, ಪರವಾಗಿಲ್ಲ. ಜಂಟಿಯಲ್ಲಿ ಸಸ ರಿರಿ ಗಗ ಅಂತ ಪ್ರತಿ ಸ್ವರವೂ ಎರಡೆರಡು ಸಲ ಬರುತ್ತದಲ್ವಾ, ಪಿಕ್ಕನ್ನು (ತಂತಿ ಮೀಟುವ ಪುಟ್ಟ ಬಿಲ್ಲೆ) ಕೆಳಗೆ, ಮೇಲೆ, ಕೆಳಗೆ, ಮೇಲೆ ಅಂತ ತಪ್ಪದೆ ಮೀಟಲು ಅದು ಹೇಳಿ ಮಾಡಿಸಿದ ಹಾಗಿದೆ. ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬೀಟ್‌ಗೆ ಇಡಿ. ಒಂದು ಬೀಟ್‌ಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು, ಮೂರು ಕಾಲದಲ್ಲಿ. ನಾಲ್ಕರಲ್ಲಿ ಎಡವಿದರೆ ಎರಡಕ್ಕೇ ವಾಪಸ್ ಬನ್ನಿ, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ. ಮುಖ್ಯವಾಗಿ ಬಾಯಲ್ಲಿ ಹೇಳುತ್ತಾ ನುಡಿಸಿ. ಬಾಯಿ ಮುಚ್ಚಿಕೊಂಡು ಟಿವಿ ನೋಡುತ್ತಾ ಮೇಲೆ ಕೆಳಗೆ ಓಡಿಸುವವರಿಗೆ ಬೆರಳು ಚುರುಕಾಗುತ್ತದೆ, ಕಿವಿ ಇದ್ದಲ್ಲೇ ಇರುತ್ತದೆ. ಹದಿನೈದು ಸ್ಕೇಲ್ ಇರುವ ಪಿಡಿಎಫ್ ಡೌನ್‌ಲೋಡ್ ಮಾಡಿಕೊಳ್ಳುವ ಚಟವನ್ನೂ ಬಿಡಿ. ಒಂದು ಸ್ಕೇಲ್, ಒಂದು ಜಾಗ, ಅದರಲ್ಲಿ ಕೈಗೆ ಸಿಕ್ಕಷ್ಟು ಹಾಡು.

ಅದು ಹಿಡಿತಕ್ಕೆ ಬಂದಮೇಲೆ ಐದೇ ಸ್ವರದ ಎ ಮೈನರ್ ಪೆಂಟಾಟೋನಿಕ್ ಸ್ಕೇಲ್ ತಗೊಳ್ಳಿ, ರಾಕ್, ಬ್ಲೂಸ್ ಹುಚ್ಚಿರುವವರು ಇದಕ್ಕೇ ಕಾಯುತ್ತಿರುತ್ತಾರೆ. ಆರನೇ ತಂತಿಯಿಂದ ಹಿಡಿದು ಒಂದನೆಯದರ ತನಕ, ತಂತಿಗೆ ಎರಡೆರಡು ಫ್ರೆಟ್‌ನಂತೆ 5-8, 5-7, 5-7, 5-7, 5-8, 5-8. ಮೊದಲು ಫೋನಿನಲ್ಲಿ ಎ ಮೈನರ್ ಕಾರ್ಡ್ ರೆಕಾರ್ಡ್ ಮಾಡಿ ಅದರ ಮೇಲೆ ನುಡಿಸಿ, ಆರನೇ ತಂತಿಯ 5ನೇ ಫ್ರೆಟ್ಟನ್ನೇ ಸ ಅಂದುಕೊಂಡು. ಶುದ್ಧ ಧನ್ಯಾಸಿ ರಾಗದ ಸ್ವರಗಳು ಕೇಳಿಸುತ್ತವೆ. ಆಮೇಲೆ ಸಿ ಕಾರ್ಡ್ ಹಾಕಿಕೊಂಡು, ಅವೇ ಫ್ರೆಟ್‌ಗಳಲ್ಲಿ ಆರನೇ ತಂತಿಯ 8ನೆಯದನ್ನು ಸ ಮಾಡಿಕೊಂಡು ನುಡಿಸಿ, ಅಲ್ಲಿ ಮೋಹನ ರಾಗ ಇದೆ.