ತುದಿಯ ಒಂಬತ್ತು ಅಮೈನೋ ಆಮ್ಲಗಳು

ಪಿಯುಸಿ ಮಕ್ಕಳಿಗೆ ನರಮಂಡಲದ ಪಾಠ ಮಾಡುವಾಗ ಪ್ರತಿ ವರ್ಷವೂ ಒಂದು ವಾಕ್ಯ ನನ್ನನ್ನು ಕೆರಳಿಸುತ್ತದೆ. ನರತುದಿಯ ಕಿರುಚೀಲಗಳು ಕೋಶಪೊರೆಯೊಂದಿಗೆ ಬೆಸೆದುಕೊಂಡು ನರವಾಹಕವನ್ನು, ಎಂದರೆ ಸುದ್ದಿ ಮುಟ್ಟಿಸುವ ರಾಸಾಯನಿಕವನ್ನು, ಹೊರಬಿಡುತ್ತವಂತೆ. ಅಷ್ಟು ಸಲೀಸೇ? ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ, ನಿಜ. ಪೊರೆಗಳು ಹಾಗಲ್ಲ. ಎರಡರ ಮೈಗೂ ನೀರು ಅಂಟಿಕೊಂಡಿರುತ್ತದೆ. ಅದನ್ನು ಹಿಂಡಿ ಹೊರಹಾಕದೆ ಅವು ಒಂದಾಗುವುದಿಲ್ಲ. ಒಳಗಿನ ಚೀಲಗಳೆಲ್ಲ ಕಂಡಕಂಡಲ್ಲಿ ಬೆಸೆದುಕೊಂಡಿದ್ದರೆ ಜೀವಕೋಶ ಉಳಿಯುತ್ತಲೂ ಇರಲಿಲ್ಲ.

ಹಿಂಡುವ ಕೆಲಸ ಸ್ನೇರ್ ಪ್ರೋಟೀನ್‌ಗಳದು. ಸುಮಾರು 40 ನ್ಯಾನೋಮೀಟರ್ ಅಗಲದ ಚೀಲದ ಮೇಲೆ ಸಿನಾಪ್ಟೊಬ್ರೆವಿನ್, ಪೊರೆಯ ಕಡೆ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಇವುಗಳ ನಾಲ್ಕು ಎಳೆಗಳು ದೂರದ ತುದಿಯಿಂದ ಪೊರೆಯತ್ತ ಹುರಿಗೊಳ್ಳುತ್ತಾ ಬಂದಂತೆ ಚೀಲ ಪೊರೆಗೆ ಒತ್ತಿಕೊಳ್ಳುತ್ತದೆ. ಆದರೆ ಅರ್ಧದಲ್ಲೇ ನಿಂತು ಕಾಯುತ್ತದೆ. ಕ್ಯಾಲ್ಸಿಯಂ ಒಳನುಗ್ಗಿ ಚೀಲದ ಮೇಲಿನ ಇನ್ನೊಂದು ಪ್ರೋಟೀನಾದ ಸಿನಾಪ್ಟೊಟ್ಯಾಗ್ಮಿನ್‌ಗೆ ಅಂಟಿತೋ, ಮಿಲಿಸೆಕೆಂಡಿನೊಳಗೆ ರಂಧ್ರ ತೆರೆದು, ಸ್ನಾಯುವಿಗೆ ಸುದ್ದಿ ಮುಟ್ಟಿಸುವ ನರವಾಹಕ ಅಸಿಟೈಲ್‌ಕೋಲಿನ್ ಹೊರಕ್ಕೆ! ಕಿರುಚೀಲಗಳ ಈ ಸಾಗಾಟವನ್ನು ಬಿಡಿಸಿ ತೋರಿಸಿದ ರೋತ್‌ಮನ್, ಶೆಕ್‌ಮನ್, ಸೂಡ್‌ಹಾಫ್ ಅವರಿಗೆ 2013ರ ನೊಬೆಲ್ ಸಂದಿತು. ಶೆಕ್‌ಮನ್ ಕೆಲಸ ಮಾಡಿದ್ದು ಯೀಸ್ಟ್ ಮೇಲೆ. ಹಿಟ್ಟು ಹುದುಗಿಸುವ ಜೀವಿಗೂ ನಮ್ಮ ಮಿದುಳಿಗೂ ಈ ವಿಷಯದಲ್ಲಿ ನೆಂಟಸ್ತಿಕೆ ಇದೆ.

ನಮ್ಮ ದೊಡ್ಡಮ್ಮನಿಗೆ ಕಣ್ಣಿನ ರೆಪ್ಪೆ ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆ. ಡಾಕ್ಟರು ಬೊಟುಲಿನಮ್ ಚುಚ್ಚುಮದ್ದು ಬರೆದಾಗ ಫೋನು ಮಾಡಿ, "ವಿಷವನ್ನೇ ಚುಚ್ಚುತ್ತಾರಂತಲ್ಲೇ, ಹೌದೇನೇ?" ಎಂದರು. "ಹೌದು ದೊಡ್ಡಮ್ಮ, ವಿಷವೇ" ಎಂದೆ. ಸುಳ್ಳು ಹೇಳಿದರೆ ನನ್ನ ವೃತ್ತಿಗೆ ಅವಮಾನ. ಸ್ನ್ಯಾಪ್-25ರಲ್ಲಿರುವುದು 206 ಅಮೈನೋ ಆಮ್ಲಗಳು. ಈ ಚುಚ್ಚುಮದ್ದಿನ ವಿಷವಾದ ಬೊಟುಲಿನಮ್ ಎ ಕತ್ತರಿಸುವುದು ತುದಿಯ ಒಂಬತ್ತನ್ನು ಮಾತ್ರ. ಅಷ್ಟಕ್ಕೇ ಹುರಿ ಸರಿಯಾಗಿ ಬಿಗಿಯುವುದಿಲ್ಲ. ಚೀಲ ಪೊರೆಯ ಪಕ್ಕದಲ್ಲೇ ಕುಳಿತಿದ್ದರೂ ಬೆಸೆಯುವುದಿಲ್ಲ. ಸ್ನಾಯುವಿಗೆ ಸುದ್ದಿ ಮುಟ್ಟದೆ ರೆಪ್ಪೆ ಸಡಿಲವಾಗುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನರತುದಿ ಚೇತರಿಸಿಕೊಳ್ಳುವುದರಿಂದ ಮತ್ತೆ ಚುಚ್ಚಿಸಬೇಕು. ಇದು ಡಾಕ್ಟರರ ವ್ಯಾಪಾರ ಎಂಬುದು ದೊಡ್ಡಮ್ಮನ ಖಚಿತ ಅಭಿಪ್ರಾಯ.

ಕಿರುಪರೀಕ್ಷೆಯಲ್ಲಿ ನಾನು ಕೇಳುವುದು ಇದರ ಜೋಡಿ ಪ್ರಶ್ನೆಯನ್ನು: ಧನುರ್ವಾಯುವಿನ ವಿಷ ಸಿನಾಪ್ಟೊಬ್ರೆವಿನ್ ಅನ್ನು ಕತ್ತರಿಸುತ್ತದೆ, ಆಗ ಏನಾಗುತ್ತದೆ? ಬಾಯಿಪಾಠದವರು ಕಣ್ಣುಮುಚ್ಚಿ "ಸ್ನಾಯು ಸಡಿಲವಾಗುತ್ತದೆ" ಎಂದು ಬರೆಯುತ್ತಾರೆ. ಬೆಸುಗೆ ನಿಲ್ಲುವುದೇನೋ ಹೌದು. ಆದರೆ ಈ ವಿಷ ಗಾಯದಿಂದ ನರದೊಳಗೇ ಸಾಗಿ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿ ಅದು ಹೊಗುವುದು ಸ್ನಾಯುವನ್ನು ಹದ್ದುಬಸ್ತಿನಲ್ಲಿಡುವ ನರಕೋಶಗಳನ್ನು. ತಡೆಯುವವರ ಬಾಯಿ ಕಟ್ಟಿದ ಮೇಲೆ ಸ್ನಾಯುವಿಗೆ ಬಿಗಿಯುವ ಆಜ್ಞೆಯಷ್ಟೇ ಬರುತ್ತಿರುತ್ತದೆ: ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಸೆಟೆಯುತ್ತದೆ.