ಒಂದು ಅಪ್ಫೆಲ್, ನಾಲ್ಕು ಎಪ್ಫೆಲ್

ಜರ್ಮನಿಯ ಫ್ರೈಬುರ್ಗ್‌ಗೆ ಬಂದು ಮೂರು ತಿಂಗಳಾಗಿತ್ತು. ಒಂದು ಶನಿವಾರ ಬೆಳಿಗ್ಗೆ, ಊರ ನಡುವಿನ ದೊಡ್ಡ ಚರ್ಚಿನ ಸುತ್ತ ಸೇರುವ ಸಂತೆಗೆ ಚೀಲ ಹಿಡಿದು ಹೋದೆ. ಸೇಬಿನ ರಾಶಿ ಮುಂದೆ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಹೇಳಿದೆ: "ಫೀರ್ ಅಪ್ಫೆಲ್, ಬಿಟ್ಟೆ." ನಾಲ್ಕು ಸೇಬು, ದಯವಿಟ್ಟು.

ಅಂಗಡಿಯ ಅಜ್ಜಿ ಒಂದು ಸೇಬನ್ನು ಎತ್ತಿ ಹಿಡಿದು "ಅಪ್ಫೆಲ್" ಎಂದರು. ಆಮೇಲೆ ನಾಲ್ಕನ್ನೂ ಚೀಲಕ್ಕೆ ಹಾಕಿ, ಅದರ ಕಡೆ ಬೆರಳು ತೋರಿಸಿ, ನಿಧಾನವಾಗಿ "ಎಪ್ಫೆಲ್" ಎಂದರು.

ಪದದ ಕೊನೆಗೆ ಏನೂ ಸೇರಲಿಲ್ಲ. ಮೊದಲ 'ಅ' ಹೋಗಿ 'ಎ' ಬಂತು, ಅಷ್ಟೇ.

ಕನ್ನಡದಲ್ಲಿ ನಾವು 'ನಾಲ್ಕು ಸೇಬು ಕೊಡಿ' ಅಂತೀವಿ. ಸಂಖ್ಯೆ ಹೇಳಿದ ಮೇಲೆ 'ಗಳು' ಯಾಕೆ, ಅಲ್ವಾ? ಜರ್ಮನ್ನರಿಗೆ ಬೇಕು. ಅದೂ ಒಂದೊಂದು ಪದಕ್ಕೆ ಒಂದೊಂದು ಥರ. ಮೊಟ್ಟೆ 'ಐ', ಜಾಸ್ತಿ ಇದ್ದರೆ 'ಐಯರ್'. ಬ್ರೆಡ್ಡು 'ಬ್ರೋಟ್', ಆಮೇಲೆ 'ಬ್ರೋಟೆ'. ಕಾರು 'ಔಟೋ', ಆಮೇಲೆ 'ಔಟೋಸ್'. ಕೇಕು ಒಂದಿದ್ದರೂ ಹತ್ತಿದ್ದರೂ 'ಕೂಖೆನ್'. ನನಗೆ ತುಂಬಾ ಇಷ್ಟವಾದದ್ದು 'ಬಾಂಕ್'. ಕೂರುವ ಬೆಂಚುಗಳಾದರೆ 'ಬೆಂಕೆ', ದುಡ್ಡಿಡುವ ಬ್ಯಾಂಕುಗಳಾದರೆ 'ಬಾಂಕೆನ್'!

ಅವತ್ತು ರಾತ್ರಿ ನೋಟ್‌ಬುಕ್ ಹೊಸದಾಗಿ ಬರೆಯಲು ಕೂತೆ. ಮೊದಲು ಪದ, ಅದರ ಅರ್ಥ ಮಾತ್ರ ಬರೆದಿಡುತ್ತಿದ್ದೆ. ಈಗ ಪ್ರತಿ ಪದದ ಪಕ್ಕ ಅದರ ಬಹುವಚನವನ್ನೂ ಬರೆದೆ, ಎರಡನ್ನೂ ಜೋರಾಗಿ ಓದಿದೆ. ಬರೆಯುತ್ತಾ ಹೋದಂತೆ ಕೆಲವು ದಾರಿ ಕಂಡವು. 'ಎ' ಸ್ವರದಲ್ಲಿ ಮುಗಿಯುವ ಸ್ತ್ರೀಲಿಂಗ ಪದಕ್ಕೆ 'ನ್' ಸೇರುತ್ತದೆ: ಟೊಮಾಟೆ, ಟೊಮಾಟೆನ್. ಪದದ ಲಿಂಗಕ್ಕೆ ತಕ್ಕಂತೆ ಅದರ ಮುಂದೆ ಬರುವ ಡೇರ್, ಡೀ, ದಾಸ್ ಮೂರೂ ಬಹುವಚನದಲ್ಲಿ ಬರೀ 'ಡೀ' ಆಗುತ್ತವೆ. ಇದೊಂದು ದೊಡ್ಡ ನೆಮ್ಮದಿ. 'ಐದು ಯೂರೋ', 'ಎರಡು ಕಿಲೋ' ಅನ್ನುವಾಗ ಜರ್ಮನ್ನರೂ ನಮ್ಮ 'ಐದು ರೂಪಾಯಿ' ಥರ ಪದವನ್ನು ಹಾಗೇ ಬಿಡುತ್ತಾರೆ. ಅದನ್ನು ಕಂಡಾಗ ಮನೆಯವರೇ ಸಿಕ್ಕಂತಾಯಿತು.

ಉಳಿದದ್ದಕ್ಕೆ ಕಿವಿಯೇ ಗತಿ. ನಮ್ಮ ಕನ್ನಡದಲ್ಲೂ ಹಾಗೇ: ಮರ ಮರಗಳು, ಹುಡುಗ ಹುಡುಗರು, ಅಣ್ಣ ಅಣ್ಣಂದಿರು, ಆದರೆ ಮಗು ಮಾತ್ರ ಮಕ್ಕಳು. ಇದನ್ನು ಅಮ್ಮ ನನಗೆ ಪಾಠ ಮಾಡಿರಲಿಲ್ಲ. "ಮಕ್ಕಳಾ, ಊಟಕ್ಕೆ ಬನ್ನಿ" ಅಂತ ದಿನಾ ಕರೆಯುತ್ತಿದ್ದಳು.

ಮುಂದಿನ ಶನಿವಾರ ಅದೇ ಅಂಗಡಿಗೆ ಹೋದೆ. "ತ್ಸೇನ್ ಐಯರ್, ತ್ಸ್ವೈ ಕಿಲೋ ಎಪ್ಫೆಲ್." ಹತ್ತು ಮೊಟ್ಟೆ, ಎರಡು ಕಿಲೋ ಸೇಬು. ಅಜ್ಜಿ ತೂಗಿ ಕೊಟ್ಟರು. ಆಮೇಲೆ ಒಂದು ಪೇರ್ ಹಣ್ಣು ಎತ್ತಿ ಹಿಡಿದು "ಬಿರ್ನೆ?" ಎಂದು ನನ್ನ ಮುಖ ನೋಡಿದರು.

"ದ್ರೈ ಬಿರ್ನೆನ್," ಎಂದೆ.

ಮೂರು ಹಣ್ಣು ಚೀಲಕ್ಕೆ ಬಿದ್ದವು.