ಕಾನ್ಹೇರಿ ಗುಹೆಗಳಿಗೆ ಹೋಗುವ ಮುನ್ನ

ಕಾನ್ಹೇರಿ ಎಂದರೆ ಮುಂಬೈಯಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ಬೌದ್ಧ ಗುಹೆಗಳು. ಮೊದಲೇ ಹೇಳಿಬಿಡುತ್ತೇನೆ, ಸೋಮವಾರ ಹೋಗಬೇಡಿ, ಅವತ್ತು ಬಾಗಿಲು ಹಾಕಿರುತ್ತಾರೆ. ಭಾನುವಾರವೂ ಬೇಡ, ಅರ್ಧ ಮುಂಬೈ ಅಲ್ಲೇ ಇರುತ್ತದೆ. ವಾರದ ನಡುವೆ ರಜೆ ಹಾಕಿ, ಬೆಳಿಗ್ಗೆ ಬೇಗ ಬೋರಿವಲಿಯಲ್ಲಿ ಇಳಿಯಿರಿ. ಸ್ಟೇಷನ್ನಿನ ಪೂರ್ವದ ಕಡೆಯಿಂದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿಗೆ ನಡೆದೇ ಹೋಗಬಹುದು. ಗುಹೆಗಳು ಅಲ್ಲಿಂದ ಆರೇಳು ಕಿಲೋಮೀಟರ್ ಒಳಗಿವೆ. ಬಸ್ಸು ಸಿಗುತ್ತದೆ. ಗೇಟಿನಲ್ಲಿ ಒಂದು ಟಿಕೆಟ್, ಗುಹೆಗಳ ಹತ್ತಿರ ಪುರಾತತ್ವ ಇಲಾಖೆಯದು ಇನ್ನೊಂದು.

ನಾನು ಹೋಗಿದ್ದು ಧಾರವಾಡದಿಂದ ಬಂದಿದ್ದ ಅತ್ತೆಯವರ ಜೊತೆ. ದೇವಸ್ಥಾನ ಎಂದರೆ ಅವರಿಗೆ ಗಂಟೆ, ಆರತಿ, ತೀರ್ಥ. ಇಲ್ಲಿ ಅದ್ಯಾವುದೂ ಇಲ್ಲ. ಮೂರನೇ ಗುಹೆ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪೂಜಾ ಮಂದಿರ. ಎರಡು ಸಾಲು ಕಂಬ, ಕೊನೆಯಲ್ಲಿ ಕಲ್ಲಿನ ಸ್ತೂಪ, ಹೊರಗಿನ ಪಡಸಾಲೆಯಲ್ಲಿ ಇಪ್ಪತ್ತು ಅಡಿಗೂ ಎತ್ತರದ ನಿಂತ ಬುದ್ಧ. ಅತ್ತೆ ಮೆಲ್ಲಗೆ ಕೇಳಿದರು, “ಇಲ್ಲಿ ಕೈ ಮುಗೀಬೇಕೋ, ಸುಮ್ನೆ ನೋಡಿ ಬರಬೇಕೋ?” ನಾನು ಉತ್ತರ ಹುಡುಕುವಷ್ಟರಲ್ಲಿ ಪ್ರದಕ್ಷಿಣೆ ಶುರು ಮಾಡಿಯೇ ಬಿಟ್ಟರು. ಕಂಬಗಳ ಹಿಂದಿನ ಆ ದಾರಿಯನ್ನು ಬಿಟ್ಟಿದ್ದೇ ಅದಕ್ಕೆ ಅಲ್ವಾ?

ಹೆಚ್ಚಿನವರು ಚೈತ್ಯ ನೋಡಿ, ಫೋಟೋ ತೆಗೆದು ಇಳಿದುಬಿಡುತ್ತಾರೆ. ನನ್ನ ಮಾತು ಕೇಳಿದರೆ, ನೀರಿನ ತೊಟ್ಟಿಗಳನ್ನು ನೋಡಿ. ಬಂಡೆಯಲ್ಲಿ ಕಾಲುವೆ ಕೊರೆದು, ಮಳೆನೀರನ್ನು ತೊಟ್ಟಿಗೆ ಇಳಿಸಿದ್ದಾರೆ. ಗುಹೆಗಳ ಪಕ್ಕದಲ್ಲೆಲ್ಲ ಇಂಥವೇ. ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಭಿಕ್ಷುಗಳು ವರ್ಷವಿಡೀ ಇರಬೇಕಲ್ಲ, ಬೇಸಿಗೆಗೆ ನೀರು ಬೇಡವೇ? ಇದಕ್ಕೆ ದುಡ್ಡು ಕೊಟ್ಟವರಲ್ಲಿ ಮಾಮೂಲಿ ಜನರೂ ಇದ್ದಾರೆ. ಒಂದು ತೊಟ್ಟಿಯ ಶಾಸನದಲ್ಲಿ ಕಲ್ಯಾಣದ ಅಕ್ಕಸಾಲಿಗನ ಹೆಸರಿದೆ. ಸೋಪಾರದ ದಾನಿಗಳೂ ಇದ್ದಾರೆ. ಅದೇ ಕಲ್ಯಾಣ, ಅದೇ ನಾಲಾಸೋಪಾರ. ಲೋಕಲ್ ಟ್ರೈನಿನಲ್ಲಿ ದಿನಾ ಕೇಳುವ ಊರುಗಳು! ಮನೆಯಲ್ಲಿ ದೇವರ ಮುಂದೆ ಕೂತಾಗ ನಾನು ಜಾಸ್ತಿ ಬೇಡುವವಳೇ. ಆ ಅಕ್ಕಸಾಲಿಗ ಏನು ಬೇಡಿದನೋ, ಮುಖ ನೋಡದ ಯಾರದೋ ಬಾಯಾರಿಕೆಗೆ ಅಂತೂ ಕೊಟ್ಟ. ಹೋಮ, ಹರಕೆಗಿಂತ ಈ ಭಕ್ತಿ ನನಗೆ ಹೆಚ್ಚು ಹಿಡಿಸಿತು. ಅತ್ತೆ ಇದನ್ನು ಒಪ್ಪಲಿಲ್ಲ. “ಎರಡೂ ಬೇಕಮ್ಮಾ” ಎಂದರು.

ನಮ್ಮ ಕಡೆಯ ನಂಟೂ ಉಂಟು. ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯ ಶಾಸನಗಳು ಇಲ್ಲಿವೆ. ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡ. ರಾಜನಿಗೆ ಜೈನ ಧರ್ಮದ ಒಲವು. ಅವನು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಕತ್ತರಿಸಿ ಕೊಟ್ಟ ಕಥೆ ಸಂಜಾನ್ ತಾಮ್ರಪಟದಲ್ಲಿದೆ. ಆದರೂ ಅವನ ಸಾಮಂತರಾಗಿ ಈ ಭಾಗವನ್ನು ಆಳುತ್ತಿದ್ದ ಶಿಲಾಹಾರರ ನಾಡಿನಲ್ಲಿ ಬೌದ್ಧ ಭಿಕ್ಷುಗಳಿಗೆ ದಾನ. ಇನ್ನು ತೊಂಬತ್ತನೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದ ಪಾರ್ಸಿಗಳು ಪಹ್ಲವಿ ಎಂಬ ಹಳೆಯ ಪರ್ಷಿಯದ ಲಿಪಿಯಲ್ಲಿ ಹೆಸರು ಕೆತ್ತಿದ್ದಾರೆ. ಬೇರೆ ಧರ್ಮದ ಜಾಗವೆಂದು ಹೊರಗೇ ನಿಂತಿರಲಿಲ್ಲ. ನಾವೀಗ ಯಾರ ದೇವರು ಯಾರದೆಂದು ಇಷ್ಟೊಂದು ಲೆಕ್ಕ ಹಾಕುತ್ತೇವೆ! (ಹಾಗಂತ ನೀವೂ ಹೆಸರು ಕೆತ್ತಲು ಹೋಗಬೇಡಿ. ಈಗ ಅದು ಅಪರಾಧ.)

ವಯಸ್ಸಾದವರು ಜೊತೆಗಿದ್ದರೆ ಕೆಳಗಿನ ಮೊದಲ ಕೆಲವು ಗುಹೆಗಳು ಸಾಕು. ಮೇಲಕ್ಕೆ ಮೆಟ್ಟಿಲು ಜಾಸ್ತಿ, ನೆರಳು ಕಡಿಮೆ. ಅತ್ತೆಯನ್ನು ನೆರಳಲ್ಲಿ ಕೂರಿಸಿ ನಾನೊಬ್ಬಳೇ ಹತ್ತಿದೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಟ್ಟದ ತುಂಬ ಝರಿಗಳು, ನೋಡಲು ಚೆಂದ. ಆದರೆ ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಗಟ್ಟಿ ಹಿಡಿತದ ಬೂಟು ಹಾಕಿಕೊಳ್ಳಿ, ಮಕ್ಕಳ ಕೈ ಬಿಡಬೇಡಿ, ಕತ್ತಲಾಗುವ ಮೊದಲೇ ಬಸ್ಸು ಹತ್ತಿ.